ಒಂದು 'ದೆ' ಕಡಿಮೆ

ನಾನು ಒಂದು ರಬ್ಬರ್ ಮೊಹರು. ಹೆಬ್ಬೆರಳಿನಷ್ಟು ಮರದ ಹಿಡಿ, ಅದರ ಬುಡಕ್ಕೆ ಅಂಟಿಸಿದ ರಬ್ಬರ್ ಪಟ್ಟಿ, ಪಟ್ಟಿಯ ಮೇಲೆ ಒಂದೇ ಒಂದು ಪದ. ಆ ಪದ 'ಚರ್ಚಿಸಿ'. ನನ್ನ ಮುಖದ ಮೇಲೆ ಅದು ತಿರುವುಮುರುವಾಗಿ ಕೂತಿದೆ, ಕಾಗದದ ಮೇಲೆ ಬಿದ್ದಾಗ ಮಾತ್ರ ನೆಟ್ಟಗಾಗುತ್ತದೆ. ಹುಟ್ಟಿದಾಗಿನಿಂದ ನಾನು ಆಡಿದ್ದು ಆ ಒಂದೇ ಮಾತು. ನನ್ನ ಮಾತು ಕೇಳಿ ಯಾರಾದರೂ ನಿಜವಾಗಿ ಚರ್ಚಿಸಲು ಬಂದದ್ದು ನನ್ನ ಇಡೀ ಆಯುಷ್ಯದಲ್ಲಿ ಒಮ್ಮೆ ಮಾತ್ರ. ಹಾಗೆ ಬಂದು ಮಾತಾಡಿದವಳಿಗೆ ಓದಲು ಬರುತ್ತಿರಲಿಲ್ಲ.

ಹುಟ್ಟಿದ್ದು ಕರಿಗುಡ್ಡ ನಗರದಲ್ಲಿ, ಕೋರ್ಟಿನ ಎದುರಿಗಿದ್ದ ಕಮಲಾಕರ ರೇವಣಕರ ಅವರ ಮೊಹರಿನ ಅಂಗಡಿಯಲ್ಲಿ. ಪಕ್ಕದಲ್ಲಿ ತೊಟ್ಟಿಲು ಮಾಡುವವರ ಅಂಗಡಿ. ಅಲ್ಲಿ ಉಳಿದ ಮರದ ತುಂಡುಗಳನ್ನು ರೇವಣಕರ ತಂದು ಹಿಡಿ ಮಾಡುತ್ತಿದ್ದರು. ಅಂದರೆ ನನ್ನ ಒಡಹುಟ್ಟಿದವರು ಯಾರದೋ ಮನೆಯಲ್ಲಿ ಕೂಸು ತೂಗುತ್ತಿದ್ದಾರೆ, ನಾನು ಕಚೇರಿಗೆ ಬಂದೆ. ಹಣೆಬರಹ ಅಂದರೆ ಇದೇ ಇರಬೇಕು.

ನನ್ನನ್ನು ಮಾಡಿಸಲು ಬಂದವನು ನಗರ ಯೋಜನಾ ಇಲಾಖೆಯ ಜವಾನ ದಸ್ತಗೀರ. ರೇವಣಕರ ಸೀಸದ ಅಕ್ಷರಗಳನ್ನು ಚಿಮಟದಿಂದ ಎತ್ತಿ ಸಾಲಾಗಿ ಜೋಡಿಸಿದರು. 'ಚ', 'ರ್ಚಿ', 'ಸಿ'. ಆಮೇಲೆ ಅಭ್ಯಾಸಬಲದಿಂದ ಇನ್ನೊಂದು 'ದೆ' ಎತ್ತಿ ಪಕ್ಕದಲ್ಲಿಟ್ಟು, ತಡೆದು, ಕನ್ನಡಕದ ಮೇಲಿಂದ ನೋಡಿದರು.

"'ಚರ್ಚಿಸಿದೆ' ಅಂತ ಮಾಡ್ಲೋ, ಬರೇ 'ಚರ್ಚಿಸಿ' ಅಂತೋ? 'ದೆ' ಹಾಕಿದ್ರ ಕೆಲಸ ಮುಗದಂಗ. ಹಾಕಲಿಲ್ಲಂದ್ರ ಇನ್ನs ಆಗೂದೈತಿ ಅಂದಂಗ."

ದಸ್ತಗೀರ ಜೇಬಿನಿಂದ ಚೀಟಿ ತೆಗೆದು ನೋಡಿದ. "ಸಾಹೇಬ್ರು ಬರದದ್ದು 'ಚರ್ಚಿಸಿ' ಅಂತ ಐತ್ರಿ. ಇದ್ದಂಗ ಮಾಡ್ರಿ."

ರೇವಣಕರ 'ದೆ'ಯನ್ನು ಎತ್ತಿ ಮತ್ತೆ ಅಕ್ಷರದ ಮನೆಯೊಳಗೆ ಹಾಕಿದರು. ಅದು ಟಿಣ್ ಎಂದು ಬಿದ್ದ ಸದ್ದು ನನಗೆ ಈಗಲೂ ನೆನಪಿದೆ. ಅದೇ ದಿನ, ಅದೇ ಬಿಸಿ ಅಚ್ಚಿನಲ್ಲಿ 'ಅನುಮೋದಿಸಿದೆ' ಮತ್ತು 'ತಿರಸ್ಕರಿಸಿದೆ' ಎಂಬ ಇಬ್ಬರು ಅಣ್ಣಂದಿರೂ ಹುಟ್ಟಿದರು. ಇಬ್ಬರಿಗೂ ಕೊನೆಯಲ್ಲಿ 'ದೆ' ಇತ್ತು. ಒಬ್ಬ ಹೂಂ ಅನ್ನುತ್ತಾನೆ, ಒಬ್ಬ ಇಲ್ಲ ಅನ್ನುತ್ತಾನೆ. ನಾನು ಎರಡೂ ಅನ್ನದೆ ಬಾಯಿ ತೆರೆದುಕೊಂಡು ನಿಲ್ಲುವವನು.

ನನ್ನ ಮೊದಲ ಯಜಮಾನರು ಹಂಪಿಹೊಳಿ ಸಾಹೇಬರು, ಇಲಾಖೆಯ ಮುಖ್ಯಸ್ಥರು. ಊರಿನಲ್ಲಿ ಎಲ್ಲಿ ರಸ್ತೆ ಬರಬೇಕು, ಎಲ್ಲಿ ಉದ್ಯಾನ, ಎಲ್ಲಿ ಅಂಗಡಿ ಎಂದು ಹೇಳುವವರು ಅವರೇ. ಅವರ ಕೋಣೆ ಮಾಳಿಗೆಯ ಮೇಲೆ, ಗುಮಾಸ್ತರೆಲ್ಲ ಕೆಳಗೆ. ಕಡತಗಳು ದಸ್ತಗೀರನ ಕಂಕುಳಲ್ಲಿ ಮೆಟ್ಟಿಲು ಹತ್ತಿ ಬರುತ್ತಿದ್ದವು, ಮೆಟ್ಟಿಲು ಇಳಿದು ಹೋಗುತ್ತಿದ್ದವು. ಮೇಜಿನ ಮೇಲೆ ಮಲಗಿ ನಾನು ಕಂಡದ್ದು ಸಾಹೇಬರ ಗದ್ದ, ಮೂಗಿನ ಹೊಳ್ಳೆಗಳು, ಮತ್ತು ತಾಮ್ರದ ಕಡಗ ಹಾಕಿದ ಬಲ ಮಣಿಕಟ್ಟು. ಆ ಮಣಿಕಟ್ಟು ನೋಯುತ್ತಿತ್ತು. ಬಂದ ಕಡತಕ್ಕೆಲ್ಲ 'ಚರ್ಚಿಸಿ', 'ಚರ್ಚಿಸಿ' ಎಂದು ಬರೆದು ಬರೆದೇ ನೋವು ಬಂದದ್ದು. ಬರೆಯುವುದನ್ನು ಕಡಿಮೆ ಮಾಡಿ ಎಂದು ವೈದ್ಯರು ಹೇಳಿದರು. ಸಾಹೇಬರು ಕಡಿಮೆ ಮಾಡಲಿಲ್ಲ, ನನ್ನನ್ನು ಮಾಡಿಸಿದರು.

ಅವರನ್ನು ಕೆಟ್ಟವರೆಂದರೆ ನನ್ನ ರಬ್ಬರ್ ಸುಲಿದು ಬಿದ್ದೀತು. ಯಾರಿಂದಲೂ ಒಂದು ಕಪ್ ಚಹಾ ಕೂಡ ಪಡೆದವರಲ್ಲ. ಪ್ರಾಯದಲ್ಲಿ ಎಲ್ಲೋ ಒಂದು ಕಡತಕ್ಕೆ ಧೈರ್ಯದಿಂದ ಒಪ್ಪಿಗೆ ಕೊಟ್ಟು, ಅದರ ಮೇಲೆ ವಿಚಾರಣೆ ನಡೆದು, ವರ್ಷಗಟ್ಟಲೆ ಅಲೆದಿದ್ದರಂತೆ. ಅಂದಿನಿಂದ ಹೂಂ ಅನ್ನಲು ಧೈರ್ಯವಿಲ್ಲ, ಇಲ್ಲ ಅನ್ನಲು ಮನಸ್ಸಿಲ್ಲ. ಎರಡರ ನಡುವೆ ಅವರಿಗೆ ಸಿಕ್ಕ ನೆರಳು ನಾನು. ಅಣ್ಣಂದಿರಿಬ್ಬರೂ ಡ್ರಾಯರಿನಲ್ಲಿ ಧೂಳು ತಿನ್ನುತ್ತಿದ್ದರು. ನನಗೆ ಮಾತ್ರ ದಿನವೂ ನೇರಳೆ ಶಾಯಿಯ ಸ್ನಾನ.

ಕಚೇರಿಯಲ್ಲಿ 'ಚರ್ಚಿಸಿ' ಅಂದರೆ ಏನು ಎಂಬುದನ್ನು ಹೇಳಿಬಿಡುತ್ತೇನೆ. ಗುಮಾಸ್ತ ಮೇಲೆ ಬಂದು ಸಾಹೇಬರ ಎದುರು ವಿಷಯ ವಿವರಿಸಬೇಕು ಎಂದು ಅದರ ಅರ್ಥ. ಆದರೆ ಸಾಹೇಬರು ಕರೆಯದೆ ಮೇಲೆ ಹೋಗುವುದು ಮರ್ಯಾದೆಯಲ್ಲ ಎಂದು ಗುಮಾಸ್ತ ತಿಳಿದಿದ್ದ. ಮೊಹರು ಒತ್ತಿ ಕಳಿಸಿದ ಮೇಲೆ ಕರೆದಂತೆಯೇ ಆಯಿತಲ್ಲ, ಬರಲಿ, ಎಂದು ಸಾಹೇಬರು ತಿಳಿದಿದ್ದರು. ಇವರು ಕಾಯುತ್ತಿದ್ದರು, ಅವನೂ ಕಾಯುತ್ತಿದ್ದ. ಕಡತ ಕಪಾಟಿನಲ್ಲಿ ಮಲಗುತ್ತಿತ್ತು. ಯಾರೂ ಯಾರ ಕೆಲಸವನ್ನೂ ನಿಲ್ಲಿಸಿರಲಿಲ್ಲ, ಕೆಲಸ ತಾನಾಗಿ ನಿಂತಿರುತ್ತಿತ್ತು.

ತಾಯವ್ವನ ಅರ್ಜಿ ಬಂದದ್ದು ಇಂಥ ಕಚೇರಿಗೆ.

ತಾಯವ್ವ ಕಾಯಿಪಲ್ಯದ ಮಾರ್ಕೆಟ್ಟಿನಲ್ಲಿ ಕೊತ್ತಂಬರಿ, ಮೆಂತೆ ಸೊಪ್ಪು ಮಾರುವ ಹೆಂಗಸು. ಮಾರ್ಕೆಟ್ಟಿನಲ್ಲಿ ಕೂರುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರು, ಅವರಿಗೆ ಒಂದೇ ಒಂದು ಶೌಚಾಲಯವಿಲ್ಲ. ಉಳ್ಳಾಗಡ್ಡಿ ಗೋದಾಮಿನ ಹಿಂದೆ ಒಂದು ಖಾಲಿ ಮೂಲೆ ಇತ್ತು. ಅಲ್ಲಿ ಕಟ್ಟಿಸಿಕೊಡಿ ಎಂದು ಅವರು ನಗರಸಭೆಯನ್ನು ಕೇಳಿದರು. ಕಟ್ಟಲು ನಾವು ತಯಾರು, ಆದರೆ ಊರಿನ ನಕಾಶೆಯಲ್ಲಿ ಆ ಮೂಲೆ ವಾಹನ ನಿಲ್ಲಿಸುವ ಜಾಗ ಎಂದಿದೆ, ಅದನ್ನು ಬದಲಿಸುವ ಅಧಿಕಾರ ಯೋಜನಾ ಇಲಾಖೆಯದು, ಎಂದು ನಗರಸಭೆಯವರು ಇಲ್ಲಿಗೆ ದಾಟಿಸಿದರು.

ಕೆಳಗೆ ಅರ್ಜಿ ತೆಗೆದುಕೊಂಡವನು ಗುಮಾಸ್ತ ಬಸಲಿಂಗ ನಾಗನೂರ. ಅಲ್ಲಿ ನಡೆದದ್ದು ನನಗೆ ತಿಳಿದದ್ದು ದಸ್ತಗೀರನಿಂದ. ಸಾಹೇಬರ ಮೇಜು ಒರೆಸುವಾಗ ತನ್ನಷ್ಟಕ್ಕೆ ತಾನೇ ಮಾತಾಡಿಕೊಳ್ಳುವುದು ಅವನ ಚಾಳಿ. "ನಾಗನೂರ್ ಸಾಹೇಬ್ರು ಎಲ್ಲಿಗೆ ಹೋಗಾಕ ಜಾಗಾ ಬೇಕವಾ ಅಂತಾರ. ಆಕಿ ಒಂದಕ್ಕ ಹೋಗಾಕ್ರಿ ಅಂತಾಳ. ಇವ್ರ ಕಿವಿ ಕೆಂಪಗಾಗಿಬಿಟ್ವು," ಎಂದು ಅವನು ಬಟ್ಟೆ ಝಾಡಿಸುತ್ತ ನಕ್ಕ.

ನಾಗನೂರ ನಾಚಿಕೆಯ ಮನುಷ್ಯ. ಕಡತದ ಹೊದಿಕೆಯ ಮೇಲೆ ವಿಷಯ ಬರೆಯಬೇಕಲ್ಲ, ಆ ಪದ ಬರೆಯಲು ಅವನ ಕೈ ಬರಲಿಲ್ಲ. ಬಹಳ ಹೊತ್ತು ಪೆನ್ನು ಕಚ್ಚಿ, ದುಂಡನೆಯ ಅಕ್ಷರದಲ್ಲಿ ಬರೆದ: 'ಮಾರುಕಟ್ಟೆಯ ಮಹಿಳೆಯರಿಗೆ ಅನುಕೂಲ ಕಲ್ಪಿಸುವ ಕುರಿತು.' ಒಳಗಿನ ಟಿಪ್ಪಣಿಯಲ್ಲೂ ಅನುಕೂಲ, ಸದರಿ ಅನುಕೂಲ, ಮೇಲ್ಕಂಡ ಅನುಕೂಲ. ಓದಿದವರಿಗೆ ಕುರ್ಚಿ ಬೇಕೋ, ನೆರಳು ಬೇಕೋ, ದೀಪ ಬೇಕೋ ಒಂದೂ ತಿಳಿಯದು.

ಕಡತ ಮೇಲೆ ಬಂತು. ಸಾಹೇಬರು ತಿರುವಿ ನೋಡಿದರು. "ಯಾವ ಅನುಕೂಲಾಪಾ ಇದು?" ಎಂದು ತಮ್ಮಲ್ಲೇ ಗೊಣಗಿದರು. ಕೊನೆಗೆ ತಾಯವ್ವನ ಅರ್ಜಿಯ ಹಾಳೆ ಕಂಡಿತು. ಯಾರೋ ಬರೆದುಕೊಟ್ಟದ್ದು, ಆದರೆ ಮಾತು ಅವಳದೇ, ನೇರವಾಗಿತ್ತು. ಸಾಹೇಬರು ಎರಡು ಸಾಲು ಓದಿ, ಸ್ನಾನದ ಮನೆಯ ಬಾಗಿಲು ತಪ್ಪಿ ತೆರೆದವರಂತೆ ಪುಟ ಮುಚ್ಚಿಬಿಟ್ಟರು. ಆಮೇಲೆ ಕೈ ನನ್ನ ಕಡೆಗೆ ಬಂತು, ಆ ಹಾಳೆಯ ಮೂಲೆಯನ್ನಷ್ಟೇ ಎತ್ತಿ ಒತ್ತಿದರು. ಚರ್ಚಿಸಿ.

ಈ ಸಲ ನಾಗನೂರನಿಗೆ ಮೇಲೆ ಹೋಗದಿರಲು ಇನ್ನೂ ಒಂದು ಕಾರಣ ಸಿಕ್ಕಿತು. ಮೇಲೆ ಹೋದರೆ ಬಾಯಿಬಿಟ್ಟು ಹೇಳಬೇಕು. ಕರೆದರೆ ಬಾಯಿಬಿಟ್ಟು ಕೇಳಬೇಕು ಎಂದು ಸಾಹೇಬರೂ ಕರೆಯಲಿಲ್ಲ. ಹೆಂಡತಿ, ತಾಯಿ, ಅಕ್ಕತಂಗಿಯರ ಜೊತೆ ಬಾಳುವ ಇಬ್ಬರು ಗಂಡಸರು, ಒಂದು ಪದಕ್ಕೆ ಹೆದರಿ ಒಂದು ಮೆಟ್ಟಿಲಸಾಲಿನ ಎರಡು ತುದಿಯಲ್ಲಿ ಕೂತಿದ್ದರು. ಅಲ್ಲಿ ಮಾರ್ಕೆಟ್ಟಿನಲ್ಲಿ ಹೆಂಗಸರು ಕಾಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು. ಮೊಹರಿನ ಸಿಟ್ಟು ಯಾರಿಗೆ ಬೇಕು?

ತಾಯವ್ವ ಕೆಲವು ಸಲ ಬಂದು ಕೇಳಿ, ಕೊನೆಗೆ ತನ್ನ ಅರ್ಜಿಯ ಒಂದು ನಕಲನ್ನಾದರೂ ಕೊಡಿ ಎಂದು ಹಠ ಹಿಡಿದಳು. ನಾಗನೂರ ಪಾಪ, ಕೊಟ್ಟುಬಿಟ್ಟ. ಅದರ ಮೂಲೆಯಲ್ಲಿ ನಾನೂ ಮೂಡಿದ್ದೆ. ತಾಯವ್ವನ ತಂಗಿಯ ಮಗಳು ರುಕ್ಮವ್ವ ಅದೇ ಸಾಲಿನಲ್ಲಿ ನಿಂಬೆಹಣ್ಣು ಮಾರುತ್ತಿದ್ದಳು, ಅಲ್ಪಸ್ವಲ್ಪ ಓದು ಬರುತ್ತಿತ್ತು. ಅವಳು ನನ್ನನ್ನು ಕೂಡಿಸಿ ಓದಿ, ಇಲ್ಲಿ ಮಾತಾಡ್ರಿ ಅಂತ ಬರದಾರ ದೊಡ್ಡವ್ವ, ಎಂದಳಂತೆ.

ಮರುದಿನವೇ ಮೆಟ್ಟಿಲ ಮೇಲೆ ಬಹಳ ಕಾಲುಗಳ ಸದ್ದು. ದಸ್ತಗೀರ ಬಾಗಿಲಲ್ಲಿ ಅಡ್ಡ ನಿಂತ, ಆದರೆ ಅವನದೇನು ನಡೆಯುತ್ತದೆ? ತಾಯವ್ವ, ರುಕ್ಮವ್ವ, ಹಿಂದೆ ಇನ್ನಷ್ಟು ಹೆಂಗಸರು ಒಳಗೆ ಬಂದರು. ಕೋಣೆಯ ತುಂಬ ಹಸಿ ಕೊತ್ತಂಬರಿಯ ವಾಸನೆ. ಗಿಡ್ಡ ಆಳು, ಹಣೆಯಲ್ಲಿ ದೊಡ್ಡ ಕುಂಕುಮ, ನಡ ಹಿಡಿದುಕೊಂಡು ನಿಂತವಳೇ ತಾಯವ್ವ ಎಂದು ನನಗೆ ಕೂಡಲೇ ಗೊತ್ತಾಯಿತು.

"ಸಾಹೇಬ್ರ, ಈ ಕಾಗದದಾಗ ಮಾತಾಡ್ರಿ ಅಂತ ಬರದೀರಂತ. ಅದಕ್ಕ ಬಂದೀವ್ರಿ. ಮಾತಾಡೂಣ್ರಿ," ಎಂದಳು.

ಸಾಹೇಬರು ಕಕ್ಕಾಬಿಕ್ಕಿಯಾದರು. "ಅದು ನಿಮಗ ಬರದದ್ದಲ್ಲವಾ. ನಮ್ಮ ಕಚೇರಿಯವ್ರಿಗೆ."

"ಅವ್ರು ಬಂದು ಮಾತಾಡಿದ್ರೇನ್ರಿ?"

ಸಾಹೇಬರು ಬಾಗಿಲ ಕಡೆ ನೋಡಿದರು. ಬಾಗಿಲ ಹೊರಗೆ ನಾಗನೂರನ ನೆರಳು ಕಂಡಿತು, ಮತ್ತೆ ಮರೆಯಾಯಿತು.

"ಅವ್ರು ಮಾತಾಡಿಲ್ಲಂದ್ರ ನಾವs ಮಾತಾಡ್ತೀವ್ರಿ. ಕಷ್ಟ ನಮ್ದs ಐತಲ್ರಿ. ಮುಂಜಾನಿ ಕತ್ತಲಿದ್ದಾಗ ಬರ್ತೀವಿ, ದೀಪಾ ಹಚ್ಚೂ ಹೊತ್ತಿಗೆ ಮನೀಗೆ ಹೋಗ್ತೀವಿ. ನಡುವ ಒಂದಕ್ಕ ಹೋಗಾಕ ಜಾಗಾ ಇಲ್ರಿ. ಗಂಡಸ್ರು ಗ್ವಾಡಿಗೆ ಮುಖಾ ಮಾಡಿ ನಿಂತಬಿಡ್ತಾರ. ನಾವ್ ಎಲ್ಲಿ ನಿಂದ್ರೂಣ್ರಿ? ಇಡೀ ದಿನಾ ಸೊಪ್ಪಿಗೆ ನೀರ ಚಿಮಕಸ್ತೀವಿ, ನಾವು ಒಂದ್ ಗುಟಕ ಕುಡಿಯೂದಿಲ್ಲ. ಕುಡದ್ರ ಹೋಗಬೇಕಲ್ರಿ. ಉರಿಮೂತ್ರ ಬಂದು ಬಂದು ನನ್ನ ನಡಾ ಹಿಡದೈತಿ. ಡಾಕ್ಟರ್ ನೀರ ಕುಡಿ, ಇಲ್ಲಾಂದ್ರ ಮೂತ್ರಪಿಂಡ ಹೊಕ್ಕಾವು ಅಂತಾನ. ಎಲ್ಲಿ ಕುಡೀಲ್ರಿ ನಾ?"

ಅವಳ ದನಿಯಲ್ಲಿ ಅಳು ಇರಲಿಲ್ಲ, ಜಗಳವೂ ಇರಲಿಲ್ಲ. ಸೊಪ್ಪಿನ ಕಟ್ಟಿನ ಬೆಲೆ ಹೇಳುವಂತೆ ಹೇಳಿದಳು. ಸಾಹೇಬರು ಪಂಖ ನೋಡಿದರು, ಗೋಡೆಯ ನಕಾಶೆ ನೋಡಿದರು, ತಮ್ಮ ಕಡಗವನ್ನು ತಿರುಗಿಸಿದರು. ಅವಳ ಮುಖವನ್ನು ಮಾತ್ರ ನೋಡಲಿಲ್ಲ. "ಆತು, ಆತವಾ. ನೋಡೂಣು, ಮಾಡೂಣು," ಎಂದರು.

"ಮಾತಾಡಿದಂಗ ಆತಿಲ್ರಿ?" ಎಂದು ರುಕ್ಮವ್ವ ಕೇಳಿದಳು.

"ಆತು," ಎಂದರು ಸಾಹೇಬರು.

ಹೆಂಗಸರು ಹೋದ ಮೇಲೆ ಅವರು ಕಡತವನ್ನು ತರಿಸಿ ಎದುರಿಗಿಟ್ಟುಕೊಂಡು ಬಹಳ ಹೊತ್ತು ಕೂತರು. ಅಲ್ಲಿ ನಾನು ಮೊದಲೇ ಮೂಡಿದ್ದೆ. ನನ್ನ ಮುಂದೆ ಪೆನ್ನಿನಿಂದ ಒಂದು 'ದೆ' ಬರೆದರೆ ಸಾಕಿತ್ತು. 'ಚರ್ಚಿಸಿದೆ' ಎಂದಾಗುತ್ತಿತ್ತು, ಕಡತ ಮುಂದೆ ನಡೆಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು. ನಕಾಶೆ ಬದಲಿಸಿದರೆ ನಾಳೆ ಯಾರಾದರೂ ತಕರಾರು ಮಾಡಿದರೆ, ಎಂದು ನಾಲಿಗೆಯ ತುದಿಯಲ್ಲೇ ಹೇಳಿಕೊಂಡರು. ಮುಚ್ಚಳ ಹಾಕಿದರು. ನನ್ನನ್ನು ಎತ್ತಿ, ಮೊದಲ ಮೊಹರಿನ ಕೆಳಗೆ ಮತ್ತೊಮ್ಮೆ ಒತ್ತಿದರು. ಆ ಸಲ ನಾನು ಸರಿಯಾಗಿ ಮೂಡಲಿಲ್ಲ, ಸೊಟ್ಟಗಾದೆ. ಆದರೂ ಓದಲು ಬರುತ್ತಿತ್ತು.

ಅದಾಗಿ ವರ್ಷಗಳು ಕಳೆದವು. ತಾಯವ್ವ ಬರುವುದು ಕಡಿಮೆಯಾಯಿತು, ಬಂದಾಗ ಮೆಟ್ಟಿಲು ಹತ್ತಲಾಗದೆ ಕೆಳಗೇ ಕೂರುತ್ತಿದ್ದಳಂತೆ. ಆಮೇಲೆ ರುಕ್ಮವ್ವ ಒಬ್ಬಳೇ ಬರತೊಡಗಿದಳು. ಹಂಪಿಹೊಳಿ ಸಾಹೇಬರು ಹಾರ, ಶಾಲು, ಹಣ್ಣಿನ ಬುಟ್ಟಿ ತೆಗೆದುಕೊಂಡು ನಿವೃತ್ತರಾದರು. ಭಾಷಣದಲ್ಲಿ ಒಬ್ಬರು, ಸಾಹೇಬರ ಕಾಲದಲ್ಲಿ ಒಂದೇ ಒಂದು ತಪ್ಪು ನಡೆಯಲಿಲ್ಲ ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನಗೂ ಕೈಯಿದ್ದರೆ ತಟ್ಟಬೇಕಾಗುತ್ತಿತ್ತು.

ಅವರ ಕುರ್ಚಿಗೆ ಬಂದವರು ಸೌಭಾಗ್ಯಾ ಅಂಗಡಿ ಮೇಡಂ. ಚುರುಕು ಹೆಂಗಸು. ಬಂದ ವಾರದಲ್ಲೇ ಕೆಳಗಿನ ಕಪಾಟುಗಳನ್ನೆಲ್ಲ ತೆಗೆಸಿ, ಮಲಗಿದ್ದ ಕಡತಗಳನ್ನು ಎಬ್ಬಿಸಿದರು. ನನ್ನ ಮುಖ ಕಂಡ ಹಾಳೆಗಳ ರಾಶಿ ಮೇಜಿನ ಎತ್ತರಕ್ಕೆ ಬಂತು. ಅದರಲ್ಲಿ 'ಅನುಕೂಲ'ದ ಕಡತವೂ ಇತ್ತು. ಮೇಡಂ ಓದಿದರು, ಕೊನೆಯ ಹಾಳೆಗೆ ಬಂದು ನಿಂತರು. ಅವರು ಪುಟ ಮುಚ್ಚಲಿಲ್ಲ.

"ನಾಗನೂರ್, ಇದು ಯಾವ ಅನುಕೂಲ?"

ನಾಗನೂರ ನೆಲ ನೋಡಿದ.

"ಪಾಯಿಖಾನಿ ಅಂತ ಬರದ್ರ ಪೆನ್ನ ಮೈಲಿಗಿ ಆಕ್ಕಿತ್ತೇನ್ರಿ?"

ಆ ಮಧ್ಯಾಹ್ನವೇ ಅವರು ಮಾರ್ಕೆಟ್ಟಿಗೆ ಹೋಗಿ ಆ ಮೂಲೆ ನೋಡಿ ಬಂದರು. ಬಂದು, ಹಸಿರು ಶಾಯಿಯ ಪೆನ್ನು ತೆಗೆದು, ಸೊಟ್ಟಗೆ ಮೂಡಿದ್ದ ನನ್ನ ಗುರುತಿನ ಮುಂದೆ ದೊಡ್ಡದಾಗಿ ಒಂದು 'ದೆ' ಬರೆದರು. ಅದರ ಕೆಳಗೆ, 'ಸ್ಥಳ ನೋಡಿದೆ. ಮಹಿಳಾ ಶೌಚಾಲಯಕ್ಕೆ ಜಾಗ ಬದಲಿಸಲು ಒಪ್ಪಿದೆ. ಆದೇಶ ತಯಾರಿಸಿ' ಎಂದು ಬರೆದು ಸಹಿ ಹಾಕಿದರು. ಆ ಸಂಜೆ ನಾನು ಡಬ್ಬಿಯಲ್ಲಿ ಮಲಗಿ ಆನಂದಪಟ್ಟೆ. ರೇವಣಕರ ಅಕ್ಷರದ ಮನೆಯೊಳಗೆ ಎಸೆದ 'ದೆ' ಕೊನೆಗೂ ಬಂದು ನನ್ನನ್ನು ಸೇರಿತ್ತು. ರುಕ್ಮವ್ವ ಸುದ್ದಿ ತಿಳಿದು ಒಂದು ಚೀಲ ನಿಂಬೆಹಣ್ಣು ತಂದಳು. ಮೇಡಂ ಬೇಡವೆಂದರು. ಅವಳು ದಸ್ತಗೀರನ ಕೈಗಿಟ್ಟು, "ದೊಡ್ಡವ್ವ ದವಾಖಾನಿಯಾಗ ಅದಾಳ ಕಾಕಾ. ಕೇಳಿ ನಕ್ಳು ನೋಡು. ಕಟ್ಟಿದ ಮ್ಯಾಲ ಮೊದಲ ನಾನs ಹೋಗಾಕಿ ಅಂತಾಳ," ಎಂದು ಹೇಳಿ ಹೋದಳು.

ಇಲ್ಲಿಗೆ ನನ್ನ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಒಂದು ಕಡತ ಹೀಗೆ ಮಲಗಿತ್ತು ಎಂದರೆ ನಾಳೆ ಇನ್ನೊಂದು ಮಲಗುವುದಿಲ್ಲವೇ ಎಂದು ಮೇಡಂ ಯೋಚಿಸಿದರು. ಆಡಳಿತ ಸುಧಾರಣೆ ಆಗಬೇಕು, ಎಲ್ಲ ಕಡತಗಳೂ ಕಂಪ್ಯೂಟರಿನಲ್ಲಿ ಓಡಾಡಬೇಕು, ಯಾವ ಅರ್ಜಿ ಎಲ್ಲಿದೆ ಎಂದು ಜನ ಮನೆಯಲ್ಲೇ ಕೂತು ನೋಡಬೇಕು ಎಂದು ಮೇಲಿನವರಿಗೆ ಬರೆದು ಒಪ್ಪಿಸಿದರು. ಅದಕ್ಕೆಂದು ದಕ್ಷಿಣದ ಕಡೆಯಿಂದ ಪ್ರದ್ಯುಮ್ನ ಎಂಬ ಸಲಹೆಗಾರ ಬಂದ. ಒಳ್ಳೆಯ ಹುಡುಗ, ಬೆಳಿಗ್ಗೆಯಿಂದ ಸಂಜೆಯವರೆಗೆ ಕತ್ತು ಎತ್ತದೆ ಕೆಲಸ ಮಾಡುತ್ತಿದ್ದ. ಅವನು ಒಂದು ದಿನ ಕಚೇರಿಯ ಮೊಹರುಗಳನ್ನೆಲ್ಲ ತರಿಸಿ ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ.

"ಇಷ್ಟು ವರ್ಷ ಇಲ್ಲಿ ಹೇಳಿರೋದೆಲ್ಲ ಇವುಗಳ ಮೇಲೇ ಇದೆ ಅಲ್ವಾ? ಇವನ್ನೇ ಬಟನ್ ಮಾಡ್ಬಿಡೋಣ. ಒಂದು ಒತ್ತಿದ್ರೆ ಮುಗೀತು. ಜಾಸ್ತಿ ಬಳಸ್ತಿದ್ದಿದ್ದು ಯಾವ್ದು?"

ದಸ್ತಗೀರ ನನ್ನನ್ನು ತೋರಿಸಿದ. ಸವೆದು ನುಣುಪಾದ ನನ್ನ ಹಿಡಿ ನೋಡಿದರೇ ಗೊತ್ತಾಗುತ್ತಿತ್ತು. ಪ್ರದ್ಯುಮ್ನ ನನ್ನನ್ನು ಎತ್ತಿ, ತಿರುವುಮುರುವಾದ ಪದವನ್ನು ಕಷ್ಟಪಟ್ಟು ಓದಿ, ಪಟ್ಟಿಯ ಮೊದಲ ಸಾಲಿನಲ್ಲಿ ಟೈಪ್ ಮಾಡಿದ. ಹೀಗೆ ನಾನು ಪರದೆಯ ಮೇಲೆ ಎರಡನೆಯ ಸಲ ಹುಟ್ಟಿದೆ. ಆ ಹುಟ್ಟಿನಲ್ಲೂ 'ದೆ' ಇರಲಿಲ್ಲ.

ಆದೇಶ ಇನ್ನೂ ತಯಾರಾಗುತ್ತಿರುವಾಗಲೇ ಮೇಡಂಗೆ ವರ್ಗಾವಣೆ ಬಂತು. ಚುರುಕಾದವರಿಗೆ ಬೇಗ ಬರುತ್ತದೆ. ಹೋಗುವ ದಿನ ನಾಗನೂರನನ್ನು ಕರೆದು, ಆ ಮಾರ್ಕೆಟ್ಟಿನ ಕಡತ ಮೊದಲು ಮುಗಿಸು ಎಂದರು. ಅವನು ತಲೆಯಾಡಿಸಿದ, ಮಾಡುವ ಮನಸ್ಸೂ ಇತ್ತು. ಆದರೆ ಆ ವಾರವೇ ಹಳೆಯ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸ ಶುರುವಾಗಿ, ಕಾಗದ ಮುಟ್ಟಬಾರದು ಎಂದು ಕಟ್ಟಪ್ಪಣೆಯಾಯಿತು. ಗುತ್ತಿಗೆಯ ಮೇಲೆ ಬಂದ ಹುಡುಗಿಯರು ಸಾಲಾಗಿ ಕೂತು ಒಂದೊಂದು ಕಡತಕ್ಕೂ ಅದರ ಸ್ಥಿತಿ ಏನೆಂದು ತುಂಬುತ್ತಿದ್ದರು. ಕೈಬರಹ ಎಲ್ಲರಿಗೂ ಓದಲು ಬರುವುದಿಲ್ಲ, ಕೊನೆಯ ಮೊಹರು ಯಾವುದಿದೆಯೋ ಅದನ್ನೇ ಪಟ್ಟಿಯಿಂದ ಆರಿಸಿ, ಎಂದು ಅವರಿಗೆ ಹೇಳಿಕೊಟ್ಟಿದ್ದರು.

'ಅನುಕೂಲ'ದ ಕಡತ ಬಂದಾಗ ನಾನು ಅದೇ ಮೇಜಿನ ಮೇಲೆ ಪೆನ್ನಿನ ಡಬ್ಬಿಯಲ್ಲಿದ್ದೆ. ಹುಡುಗಿ ಹಾಳೆ ತಿರುವಿದಳು. ನೇರಳೆ ಮೊಹರು, ಅದರ ಮುಂದೆ ಹಸಿರು 'ದೆ'. ಅವಳು ಒಂದು ಗಳಿಗೆ ತಡೆದಳು. ಪಕ್ಕದವಳಿಗೆ, "'ಚರ್ಚಿಸಿದೆ' ಅಂತ ಐತಿ, ಪಟ್ಟ್ಯಾಗ ಅದು ಇಲ್ಲಲ್ಲs?" ಎಂದಳು. "ಹತ್ರದ್ದು ಯಾವ್ದೈತಿ ಅದನ್ನ ಒತ್ತು," ಎಂದಳು ಪಕ್ಕದವಳು. ಹುಡುಗಿ ಒತ್ತಿದಳು. ಚರ್ಚಿಸಿ. ಕಾಗದದ ಕಡತಗಳನ್ನೆಲ್ಲ ಮೂಟೆ ಕಟ್ಟಿ ಊರಾಚೆಯ ಉಗ್ರಾಣಕ್ಕೆ ಸಾಗಿಸಿದರು. ಮೇಡಂ ಬರೆದ ಹಸಿರು 'ದೆ' ಅಲ್ಲೆಲ್ಲೋ ಗೆದ್ದಲಿನ ಜೊತೆ ಇರಬೇಕು.

ಸುಧಾರಣೆ ಆಗಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಕಡತಗಳು ಈಗ ಮೆಟ್ಟಿಲು ಹತ್ತುವುದಿಲ್ಲ. ಮೊದಲು ಬರಲು ತಿಂಗಳು ಹಿಡಿಯುತ್ತಿದ್ದ 'ಚರ್ಚಿಸಿ' ಈಗ ಬೆಳಿಗ್ಗೆ ಕಳಿಸಿದರೆ ಮಧ್ಯಾಹ್ನಕ್ಕೇ ಬರುತ್ತದೆ. ಹೊಸ ಸಾಹೇಬರ ಮಣಿಕಟ್ಟು ನೋಯುವುದೇ ಇಲ್ಲ. ಇಲಾಖೆಗೆ ಒಂದು ಪ್ರಶಸ್ತಿಯೂ ಬಂತು. ಅದನ್ನು ಇಡಲು ಜಾಗ ಬೇಕಾಗಿ ನಮ್ಮ ಡಬ್ಬಿಯನ್ನು ಮೇಜಿನಿಂದ ಕೆಳಗಿಳಿಸಿದರು.

ಅಣ್ಣಂದಿರಿಬ್ಬರನ್ನೂ ಹಳೆಯ ಸಾಮಾನಿನ ಜೊತೆ ಗುಜರಿಯವನು ಹೊತ್ತುಕೊಂಡು ಹೋದ. ನನ್ನನ್ನು ದಸ್ತಗೀರ ಜೇಬಿಗಿಳಿಸಿದ. ಆ ತಿಂಗಳು ಅವನೂ ನಿವೃತ್ತನಾಗುತ್ತಿದ್ದ, ಕಡತ ಹೊರುವ ಕೆಲಸವೇ ಇಲ್ಲದ ಮೇಲೆ ಅವನ ಜಾಗಕ್ಕೆ ಇನ್ನೊಬ್ಬ ಬೇಕಾಗಿಯೂ ಇರಲಿಲ್ಲ. ಮನೆಯಲ್ಲಿ ಕೂರಲಾಗದೆ ಅವನು ಮಾರ್ಕೆಟ್ಟಿನ ಬಾಗಿಲಲ್ಲಿ ಚಹಾದ ಗಾಡಿ ಹಾಕಿದ. ಶುಂಠಿ ಜಜ್ಜಲು ನನ್ನ ಹಿಡಿ ಅವನಿಗೆ ಹದವಾಗಿ ಸಿಕ್ಕಿತು. ತಲೆಕೆಳಗಾಗಿ ಹಿಡಿದು ಜಜ್ಜುತ್ತಾನೆ, ಹಾಗಾಗಿ ನನ್ನ ಮುಖ ಈಗ ಆಕಾಶದ ಕಡೆಗಿದೆ. ಹುಟ್ಟಿದಾಗಿನಿಂದ ಹೆಚ್ಚಾಗಿ ಕಾಗದವನ್ನೇ ನೋಡಿದವನಿಗೆ ಮುದಿತನದಲ್ಲಿ ಜನರ ಮುಖ ನೋಡುವ ಯೋಗ.

ಆ ಮೂಲೆಯೂ ಇಲ್ಲಿಂದ ಕಾಣುತ್ತದೆ. ನಕಾಶೆಯಲ್ಲಿ ಇದ್ದದ್ದು ಹಾಗೆಯೇ ಇದ್ದದ್ದರಿಂದ ಅಲ್ಲಿ ಕಾಂಕ್ರೀಟು ಹಾಕಿ ಬೈಕುಗಳನ್ನು ನಿಲ್ಲಿಸಿದ್ದಾರೆ. ತಾಯವ್ವ ದವಾಖಾನೆಯಿಂದ ಹೊರಗೆ ಬರಲಿಲ್ಲ. ಡಾಕ್ಟರ್ ಹೇಳಿದಂತೆಯೇ ಆಯಿತು, ಎರಡೂ ಮೂತ್ರಪಿಂಡ ಹೋದವು. ಕಟ್ಟಾಕತ್ತಾರೇನ ಎಂದು ಕೊನೆಯವರೆಗೂ ಕೇಳುತ್ತಿದ್ದಳಂತೆ, ಹೂಂ ಎಂದು ರುಕ್ಮವ್ವ ಸುಳ್ಳು ಹೇಳುತ್ತಿದ್ದಳಂತೆ. ರುಕ್ಮವ್ವ ಈಗಲೂ ಕೆಲವೊಮ್ಮೆ ದಸ್ತಗೀರನಿಗೆ ತನ್ನ ಫೋನು ತೋರಿಸುತ್ತಾಳೆ. ಅರ್ಜಿಯ ಸಂಖ್ಯೆ ಒತ್ತಿದರೆ ಹಸಿರು ಚುಕ್ಕೆಯ ಪಕ್ಕದಲ್ಲಿ ನನ್ನ ಹೆಸರು ಬರುತ್ತದೆ. ಕಾಗದದ ಮೇಲಾಗಿದ್ದರೆ ಮನಸ್ಸಿರುವ ಯಾರೋ ಒಬ್ಬರು ಪೆನ್ನಿನಿಂದ ಒಂದು 'ದೆ' ಸೇರಿಸಬಹುದಿತ್ತು. ಆ ಗಾಜಿನ ಮೇಲೆ ಅದಕ್ಕೆ ಜಾಗವೇ ಇಲ್ಲ.

ಮೊನ್ನೆ ಸಂತೆಯ ದಿನ ಗಾಡಿಯ ಎದುರು ಒಬ್ಬ ಮುದುಕರು ಬಂದು ನಿಂತರು. ಗದ್ದ ನೋಡಿಯೇ ಗುರುತು ಹಿಡಿದೆ, ಹಂಪಿಹೊಳಿ ಸಾಹೇಬರು. ಜೊತೆಯಲ್ಲಿ ಅವರ ಹೆಂಡತಿ, ಅವರ ತೋಳು ಗಟ್ಟಿಯಾಗಿ ಹಿಡಿದುಕೊಂಡು, ತುಟಿ ಕಚ್ಚಿ ನಿಂತಿದ್ದರು. ಮುಖದ ತುಂಬ ಬೆವರು. ದಸ್ತಗೀರ ಸಲಾಮು ಮಾಡಿ ಚಹಾ ಸೋಸಲು ಹೋದ.

"ಚಾ ಬ್ಯಾಡೋ ದಸ್ತಗೀರ." ಸಾಹೇಬರು ಗಾಡಿಯ ಮೇಲೆ ಬಾಗಿ, ದನಿ ಇಳಿಸಿದರು. "ಇಕಿಗೆ ಸಕ್ಕರಿ ಕಾಯಿಲೆ. ತಡಕೊಳ್ಳಾಕ ಆಗಂಗಿಲ್ಲ. ಇಲ್ಲಿ ಎಲ್ಯರ... ಒಂದ್ ಸ್ವಲ್ಪ... ಅನುಕೂಲ ಐತೇನೋ?"

ದಸ್ತಗೀರ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ರುಕ್ಮವ್ವನ ಕಡೆ ನೋಡಿದ. ಪಕ್ಕದಲ್ಲಿ ನಿಂಬೆಹಣ್ಣಿನ ಮುಂದೆ ಕೂತಿದ್ದ ರುಕ್ಮವ್ವ ಎದ್ದಳು. ಸಾಹೇಬರನ್ನು ಅವಳು ನೋಡಿದಳು, ಗುರುತು ಸಿಕ್ಕಿತೆಂದು ಅವಳ ಕಣ್ಣಿನಲ್ಲಿ ಗೊತ್ತಾಯಿತು. "ಬರ್ರಿ ಅವ್ವಾರ, ನನ್ನ ಕೈ ಹಿಡೀರಿ," ಎಂದು ಮುದುಕಿಯನ್ನು ಗೋದಾಮಿನ ಹಿಂದೆ, ಆ ಬೈಕುಗಳ ಆಚೆಗೆ ಕರೆದುಕೊಂಡು ಹೋದಳು. ಹೋಗುತ್ತ ಅಕ್ಕಪಕ್ಕದವರನ್ನು ಕೂಗಿದಳು. ಉಳ್ಳಾಗಡ್ಡಿ ಚೀಲಗಳ ಮರೆಯಲ್ಲಿ ಹೆಂಗಸರು ಸುತ್ತ ನಿಂತು, ಹೊರಗೆ ಮುಖ ಮಾಡಿ, ಸೆರಗು ಬಿಚ್ಚಿ ಅಗಲಿಸಿ ಹಿಡಿದರು. ತಾಯವ್ವ ಇದ್ದಾಗಿನಿಂದಲೂ, ತೀರಾ ತಡೆಯಲಾಗದವರಿಗೆ, ಅಲ್ಲಿ ಇರುವ ಗೋಡೆ ಅದೊಂದೇ.

ಸಾಹೇಬರು ಆ ಕಡೆಗೆ ಬೆನ್ನು ಮಾಡಿ ನಿಂತರು. ಎಲ್ಲಿ ನೋಡುವುದೆಂದು ತಿಳಿಯದೆ ಗಾಡಿಯ ಮೇಲೆ ನೋಡಿದರು. ಅಲ್ಲಿ ನಾನಿದ್ದೆ, ಮುಖ ಮೇಲಾಗಿ. ಅವರು ನನ್ನನ್ನು ಎತ್ತಿಕೊಂಡರು. ತಿರುವುಮುರುವಾದ ಪದವನ್ನು ಓದಲು ಅವರಿಗೆ ಹೊತ್ತೇ ಹಿಡಿಯಲಿಲ್ಲ.

"ಇದನ್ನ ಇನ್ನs ಇಟ್ಟೀಯೇನೋ?"

"ಶುಂಠಿ ಜಜ್ಜಾಕ್ರಿ ಸಾಹೇಬ್ರ."

ಅಷ್ಟರಲ್ಲಿ ಅವರ ಹೆಂಡತಿ, ರುಕ್ಮವ್ವನ ಕೈ ಹಿಡಿದು, ಹಿಂದಿರುಗಿದರು. ಮುಖ ಹಗುರವಾಗಿತ್ತು, ಕಣ್ಣುಗಳು ಮಾತ್ರ ತುಂಬಿದ್ದವು. ಸಾಹೇಬರು ಈ ಸಲ ಪಂಖ ನೋಡಲಿಲ್ಲ, ನಕಾಶೆ ನೋಡಲಿಲ್ಲ. ರುಕ್ಮವ್ವನ ಮುಖವನ್ನೇ ನೋಡಿದರು. "ಭಾಳ ಉಪಕಾರ ಆತವಾ," ಎಂದರು. ಆಮೇಲೆ ದಸ್ತಗೀರನಿಗೆ, "ಈಕಿಗೊಂದು ಚಾ ಕೊಡೋ," ಎಂದರು.

"ಬ್ಯಾಡ್ರಿ ಸಾಹೇಬ್ರ," ಎಂದಳು ರುಕ್ಮವ್ವ. "ಇನ್ನs ಸಂಜೀತನಾ ಕುಂಡ್ರಬೇಕು ನಾ."

ಸಾಹೇಬರು ನನ್ನನ್ನು ಗಾಡಿಯ ಮೇಲೆ ಮೆಲ್ಲಗೆ ಇಟ್ಟು, ಹೆಂಡತಿಯ ತೋಳು ಹಿಡಿದು ಹೊರಟರು. ಇಷ್ಟು ವರ್ಷ ಚರ್ಚಿಸಿ, ಚರ್ಚಿಸಿ ಎಂದು ಎಲ್ಲರಿಗೂ ಹೇಳಿದವನು ನಾನು. ಅಂದು ಆ ಗಾಡಿಯ ಮುಂದೆ ಸಾಹೇಬರು ಮತ್ತು ರುಕ್ಮವ್ವನ ನಡುವೆ ನಡೆದದ್ದಕ್ಕಿಂತ ಪೂರ್ತಿಯಾದ ಚರ್ಚೆ ಇನ್ನೊಂದನ್ನು ನಾನು ಕಂಡಿಲ್ಲ. ಆದರೆ ಅದನ್ನು ಬರೆದುಕೊಳ್ಳಲು ಅಲ್ಲಿ ಕಡತವಿರಲಿಲ್ಲ, ಒತ್ತಲು ನನ್ನಲ್ಲಿ ಶಾಯಿಯೂ ಇರಲಿಲ್ಲ.

ರುಕ್ಮವ್ವ ಹೋಗಿ ತನ್ನ ಜಾಗದಲ್ಲಿ ಕೂತಳು. ಬಿಸಿಲು ಏರಿತ್ತು. ಪಕ್ಕದಲ್ಲಿ ಮನೆಯಿಂದ ತುಂಬಿ ತಂದ ನೀರಿನ ಚೊಂಬು ಇತ್ತು. ಅವಳು ಅದರಲ್ಲಿ ಕೈ ಅದ್ದಿ, ಬಾಡುತ್ತಿದ್ದ ನಿಂಬೆಹಣ್ಣುಗಳ ಮೇಲೆ ನೀರು ಚಿಮುಕಿಸಿದಳು.